ಹಿಂದೆ ತಿರುಗಿ ನೋಡದ ವೊಬ್ಬೆ

ಅಲ್ಡ್‌ತೆರ್ಪ್ ಊರಿನಲ್ಲಿ ಹುಟ್ಟಿದವರಲ್ಲಿ ಎರಡೇ ಜಾತಿ. ವೊಬ್ಬೆ ಎಂಬ ಮುದುಕ ಪಾಸು ಮಾಡಿದವರದು ಒಂದು, ವೊಬ್ಬೆ ಫೇಲು ಮಾಡಿದವರದು ಇನ್ನೊಂದು. ಆಮೇಲೆ ಯಾರು ಡಾಕ್ಟರಾದರು, ಯಾರು ನೂರು ಹಸು ಕಟ್ಟಿದರು, ಯಾರು ನಗರಸಭೆಗೆ ಆರಿಸಿ ಹೋದರು ಎಂಬುದೆಲ್ಲ ಎರಡನೆಯ ಮಾತು.

ಸಮುದ್ರದ ಗಾಳಿ ಅಡ್ಡಲಾಗಿ ಬೀಸುವ ಆ ಬಯಲು ಸೀಮೆಯಲ್ಲಿ ಮಕ್ಕಳು ನಡೆಯಲು ಕಲಿತ ಬೆನ್ನಿಗೇ ಸೈಕಲ್ಲು ಹತ್ತುತ್ತಾರೆ. ಹನ್ನೊಂದರ ವಯಸ್ಸಿಗೆ ಬಂದರೆ ಪರೀಕ್ಷೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಎದೆಯ ಮೇಲೆ ನಂಬರು ಕಟ್ಟಿಕೊಂಡು, ಒಬ್ಬರ ಹಿಂದೆ ಒಬ್ಬರಂತೆ, ಊರಿನ ಬೀದಿಗಳಲ್ಲೆಲ್ಲ ತುಳಿದು ಬರಬೇಕು. ಮೂಲೆ ಮೂಲೆಯಲ್ಲೂ ಯಾರಾದರೊಬ್ಬ ದೊಡ್ಡವರು ಕುರ್ಚಿ ಹಾಕಿಕೊಂಡು ಕೂತು ಗುರುತು ಹಾಕುತ್ತಾರೆ. ಈ ಪರೀಕ್ಷೆ ಮುಗಿಸಿದ ಮಕ್ಕಳು ಮುಂದೆ ಪಟ್ಟಣದ ದೊಡ್ಡ ಶಾಲೆಗೆ ದಿನಾ ತಾವೇ ತುಳಿದುಕೊಂಡು ಹೋಗುತ್ತಾರೆ. ಮನೆಯಲ್ಲಿ ತಾಯಂದಿರು ನೆಮ್ಮದಿಯಾಗಿ ಎರಡನೇ ಲೋಟ ಕಾಫಿ ಕುಡಿಯುತ್ತಾರೆ.

ಹಳೆಯ ಹಾಲಿನ ಕಾರ್ಖಾನೆಯ ಮುಂದಿನ ಮೂಲೆ ವೊಬ್ಬೆ ಹಾಯ್ಟೆಮಾನದು. ಗಾಡಿಗಳು ಬಲಕ್ಕೆ ಹೋಗುವ ನಾಡಾದ್ದರಿಂದ ಅಲ್ಲಿ ಎಡಕ್ಕೆ ಹೊರಳುವುದೇ ಕಷ್ಟದ ಕೆಲಸ. ಸೇತುವೆ ಇಳಿದ ಸೈಕಲ್ಲು ಗಾಡಿಗಳ ದಾರಿಯನ್ನು ಸೀಳಿಕೊಂಡು ಶಾಲೆಯ ಬೀದಿಗೆ ನುಗ್ಗಬೇಕು. ನುಗ್ಗುವ ಮುಂಚೆ ಎಡಭುಜದ ಮೇಲಿಂದ ಹಿಂದಕ್ಕೆ ನೋಡಬೇಕು, ಕೈ ಚಾಚಬೇಕು, ಇನ್ನೊಮ್ಮೆ ನೋಡಬೇಕು. ಇಷ್ಟೇ. ಈ ಇಷ್ಟರಲ್ಲೇ ವೊಬ್ಬೆ ಅರ್ಧ ಊರನ್ನು ಅಳಿಸಿದ್ದ.

"ನೋಡ್ದೆ ಪಾಕೆ, ದೇವರಾಣೆ ನೋಡ್ದೆ!" ಎಂದು ಮಕ್ಕಳು ಗೋಗರೆಯುತ್ತಿದ್ದವು. ಆ ಕಡೆ ಅಜ್ಜಂದಿರನ್ನೆಲ್ಲ ಪಾಕೆ ಎಂದೇ ಕರೆಯುವುದು.

"ಕಣ್ಣಲ್ಲಿ ನೋಡ್ದೆ ನೀನು. ಕತ್ತು ಎಲ್ಲಿ ತಿರುಗ್ತು? ದೆವ್ವ ಬಂದು ಬೆನ್ನಿಗೆ ಹೊಡೆದ್ರೂ ಕಣ್ಣು ಹೊರಳಿಸ್ಕೊಂಡು ನಿಂತಿರ್ತೀಯಾ? ಮುಂದಿನ ವರ್ಷ ಬಾ."

ಅಳು, ಗೋಳು, ಚಾಕೊಲೇಟು, ತಾಯಂದಿರ ಶಿಫಾರಸು ಯಾವುದಕ್ಕೂ ಅವನು ಬಗ್ಗಿದವನಲ್ಲ. ಬಗ್ಗದಿರಲು ಕಾರಣವಿತ್ತು. ವೊಬ್ಬೆ ಪ್ರಾಯದಲ್ಲಿ ಹಾಲಿನ ಲಾರಿ ಓಡಿಸುತ್ತಿದ್ದವನು. ಒಂದು ಮಂಜಿನ ಬೆಳಿಗ್ಗೆ, ಇದೇ ಮೂಲೆಯಲ್ಲಿ, ಚೀಲ ಬೆನ್ನಿಗೆ ಹಾಕಿಕೊಂಡ ಒಬ್ಬ ಹುಡುಗ ಹಿಂದೆ ಮುಂದೆ ನೋಡದೆ ಲಾರಿಯ ಮೂತಿಗೇ ಹೊರಳಿದ. ವೊಬ್ಬೆ ಬ್ರೇಕಿನ ಮೇಲೆ ನಿಂತುಬಿಟ್ಟ. ಹಿಂದಿನ ಟ್ಯಾಂಕಿಯಲ್ಲಿ ಹಾಲು ಗುಡುಗಿದ ಹಾಗೆ ಕುಲುಕಿ ಲಾರಿಯನ್ನು ಇನ್ನೂ ಒಂದು ಮಾರು ನೂಕಿತು. ಹುಡುಗ ಏನೂ ಅರಿಯದೆ ಶಿಳ್ಳೆ ಹಾಕಿಕೊಂಡು ಶಾಲೆಗೆ ಹೋದ. ವೊಬ್ಬೆ ಮಾತ್ರ ಇಳಿದು ಚಕ್ರ ಹಿಡಿದುಕೊಂಡು ಕೂತವನು ಮೇಲೇಳಲು ಬಹಳ ಹೊತ್ತಾಯಿತು. ಆ ವರ್ಷವೇ ಶಾಲೆಗೆ ಹೋಗಿ, ಆ ಮೂಲೆಯ ಕುರ್ಚಿ ನನಗೆ ಕೊಡಿ ಎಂದು ಕೇಳಿದ. ಹುಡುಗ ಯಾರೆಂದು ಯಾರಿಗೂ ಹೇಳಲಿಲ್ಲ. ಕುರ್ಚಿ ಮಾತ್ರ ಬಿಡಲಿಲ್ಲ.

ಹಾಗೆ ಫೇಲಾದವರಲ್ಲಿ ಬೇಕರಿಯ ದುರ್ಕ್ ಒಬ್ಬ. ಈಗ ಹೊಟ್ಟೆ ಬಂದ ಗೃಹಸ್ಥ, ಮೂರು ಒಲೆಗಳ ಯಜಮಾನ. ಆದರೂ ವೊಬ್ಬೆ ಬೇಕರಿಯ ಬಾಗಿಲು ದೂಡಿದರೆ ಸಾಕು, "ಹಿಂದೆ ನೋಡ್ಕೊಂಡ್ ಬಂದ್ಯೇನಯ್ಯಾ ವೊಬ್ಬೆ?" ಎಂದು ಗಲ್ಲಾದ ಹಿಂದಿನಿಂದ ಕೂಗುತ್ತಿದ್ದ. ಅದು ತಮಾಷೆ ಎಂದು ಊರು ತಿಳಿದಿತ್ತು. ತಮಾಷೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೋದ ವರ್ಷ ದುರ್ಕ್‌ನ ಮಗಳು ಬೌಕ್ಯೆ ಸೈಕಲ್ಲಿನ ಹಿಡಿಗೆ ಒಂದು ಪುಟ್ಟ ಕನ್ನಡಿ ಕಟ್ಟಿಕೊಂಡು ಪರೀಕ್ಷೆಗೆ ಬಂದಳು. ಅಪ್ಪನೇ ಕಟ್ಟಿಕೊಟ್ಟಿದ್ದ. ಮೂಲೆಯಲ್ಲಿ ಕನ್ನಡಿಯನ್ನೇ ನೋಡಿ, ಕೈ ಚಾಚಿ, ಚೆಂದವಾಗಿ ಹೊರಳಿದಳು.

"ಫೇಲು," ಎಂದ ವೊಬ್ಬೆ. "ಕನ್ನಡಿ ನೋಡೋದು ಮನೇಲಿ, ಜಡೆ ಹಾಕ್ಕೊಳ್ಳೋವಾಗ. ಬೀದೀಲಿ ಕತ್ತು ತಿರುಗಿಸ್ಬೇಕು."

ದುರ್ಕ್ ಆ ದಿನ ಬೇಕರಿಯಿಂದ ಓಡಿ ಬಂದು ಹಿಟ್ಟಿನ ಕೈಯಲ್ಲೇ ಕೂಗಾಡಿದ. ವೊಬ್ಬೆ ಕುರ್ಚಿ ಮಡಿಸಿಕೊಂಡು ಮನೆಗೆ ಹೋದ.

ಇಂಥ ವೊಬ್ಬೆಯ ಕತ್ತೇ ಆ ಚಳಿಗಾಲದಲ್ಲಿ ಹಿಡಿದುಕೊಂಡಿತು.

ಒಂದು ಬೆಳಿಗ್ಗೆ ಎದ್ದಾಗ ತಲೆ ಬಲಕ್ಕೆ ಅಷ್ಟಿಷ್ಟು ಹೋಯಿತು. ಎಡಕ್ಕೆ ಒಂದಿಂಚೂ ಕದಲಲಿಲ್ಲ. ಬಿಸಿನೀರು, ಎಣ್ಣೆ, ಪಟ್ಟಣದ ವೈದ್ಯೆಯ ನೀವುವಿಕೆ ಎಲ್ಲ ಆಯಿತು. ವೈದ್ಯೆ, "ವಯಸ್ಸಾಯ್ತಲ್ಲ, ಮೂಳೆ ಕೂಡ್ಕೊಂಡಿದೆ. ತಿರುಗದಿದ್ರೆ ಏನಂತೆ, ಮುಂದೆ ನೋಡ್ಕೊಂಡ್ ಇರಿ," ಎಂದು ನಗುತ್ತಾ ಕಳಿಸಿದಳು. ವೊಬ್ಬೆಗೆ ನಗು ಬರಲಿಲ್ಲ. ಊರಿಗೆ ತಿಳಿದರೆ ಕುರ್ಚಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದುರ್ಕ್‌ಗೆ ತಿಳಿಯುತ್ತದೆ.

ಹಾಗಾಗಿ ಗಂಡ ಹೆಂಡಿರ ಮಧ್ಯೆ ಒಂದು ಒಳಒಪ್ಪಂದವಾಯಿತು. ಹೆಂಡತಿ ಶೌಕ್ಯೆ ಅವನ ಹಿಂದಿನ ಕಣ್ಣಾದಳು. ಅವನು ಮುಂದೆ ತುಳಿಯುವುದು, ಅವಳು ಹಿಂದೆ ಬರುವುದು. ಹೊರಳುವ ಕಡೆ ಬಂದಾಗ ಅವಳು "ನಿಲ್ಲು" ಎಂದರೆ ನಿಲ್ಲುವುದು, "ಹೋಗು" ಎಂದರೆ ಹೋಗುವುದು. ಅವಳಿಲ್ಲದ ದಿನ ಅವನು ಮೂಲೆಯಲ್ಲಿ ಇಳಿದು, ಟೈರನ್ನು ಹಿಸುಕಿ ನೋಡುವ ನೆಪದಲ್ಲಿ ಇಡೀ ಮೈಯನ್ನೇ ತಿರುಗಿಸಿ, ದಾರಿ ಖಾಲಿ ಇದೆಯೆಂದು ಕಂಡುಕೊಂಡು ತಳ್ಳಿಕೊಂಡು ದಾಟುತ್ತಿದ್ದ. ಪಾಪ, ವೊಬ್ಬೆಯ ಟೈರು ಹಳೆಯದಾಯಿತು ಎಂದು ನೆರೆಯವರು ಹುಟ್ಟುಹಬ್ಬಕ್ಕೆ ಪಂಕ್ಚರ್ ಹಾಕುವ ಡಬ್ಬಿ ತಂದುಕೊಟ್ಟರು.

ಉಪಾಯವೇನೋ ಚೆನ್ನಾಗಿಯೇ ಇತ್ತು. ಆದರೆ ಊರಿನ ರೂಢಿಯೊಂದನ್ನು ಇಬ್ಬರೂ ಮರೆತಿದ್ದರು. ಅಲ್ಲಿ ಮದುವೆಯಾದವರು ಸೈಕಲ್ಲಿನಲ್ಲಿ ಅಕ್ಕಪಕ್ಕ ಹೋಗುತ್ತಾರೆ. ಮಾತಾಡಿಕೊಂಡು, ಎದುರುಗಾಳಿ ಬಂದಾಗ ಗಂಡನ ಕೈ ಹೆಂಡತಿಯ ಬೆನ್ನಿಗೆ, ಇಲ್ಲವೆ ಹೆಂಡತಿಯ ಕೈ ಗಂಡನ ಬೆನ್ನಿಗೆ ಆನಿಸಿಕೊಂಡು ಹೋಗುತ್ತಾರೆ. ಇಗರ್ಜಿಗೂ ಹಾಗೆಯೇ, ಸಂತೆಗೂ ಹಾಗೆಯೇ. ಒಬ್ಬರು ಮುಂದೆ ಒಬ್ಬರು ಹಿಂದೆ ಹೋದರೆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಲೆಕ್ಕ. ಅದರ ಮೇಲೆ ಶೌಕ್ಯೆಯ ಗಂಟಲೂ ಸಣ್ಣದಲ್ಲ. "ನಿಲ್ಲು! ನಿಲ್ಲು ಅಂದೆ! ಹೂಂ, ಹೋಗು! ಹೋಗು ಅಂತಿದ್ದೀನಲ್ಲ!" ಎಂದು ಅವಳು ಬೆನ್ನಟ್ಟುವುದು, ವೊಬ್ಬೆ ತಿರುಗಿಯೂ ನೋಡದೆ ಮುಖ ಬಿಗಿದುಕೊಂಡು ಮುಂದೆ ಸಾಗುವುದು. ಕಿಟಕಿಯ ಪರದೆಗಳು ಒಂದೊಂದಾಗಿ ಸರಿದವು. ಈಸ್ಟರ್ ಬರುವ ಮುಂಚೆಯೇ ಹಾಯ್ಟೆಮಾ ದಂಪತಿಗಳು ಬೇರೆಯಾಗುತ್ತಾರೆಂದು ಊರು ತೀರ್ಮಾನಿಸಿತು.

ದುರ್ಕ್‌ಗೆ ವೊಬ್ಬೆಯ ಮೇಲೆ ಎಷ್ಟು ಸಿಟ್ಟೋ ಶೌಕ್ಯೆಯ ಮೇಲೆ ಅಷ್ಟೇ ಕನಿಕರ. ಪ್ರತಿ ಶನಿವಾರ ಒಂದು ಸಕ್ಕರೆ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅವರ ಬಾಗಿಲಿಗೆ ತೂಗುಹಾಕಿ ಹೋಗತೊಡಗಿದ. ಹಣದ ಮಾತೆತ್ತಿದರೆ, "ಏನಕ್ಕಾ, ಕಷ್ಟದಲ್ಲಿ ಇಷ್ಟೂ ಬೇಡ್ವೇ?" ಎನ್ನುತ್ತಿದ್ದ. ಶೌಕ್ಯೆಗೆ ಕಷ್ಟ ಯಾವುದೆಂದು ಹೊಳೆದದ್ದು ಪಾದ್ರಿ ಮನೆಗೆ ಬಂದು ಹೋದ ಮೇಲೆ.

ಆ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಗಂಡನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಪಾದ್ರಿ ಬಂದಿದ್ರು. ನನ್ನ ಕೈ ಹಿಡ್ಕೊಂಡು, ಕ್ಷಮಿಸಮ್ಮಾ, ಕ್ಷಮೆ ದೊಡ್ಡದು ಅಂದ್ರು. ಏನನ್ನ ಕ್ಷಮಿಸ್ಲಿ ಅಂತ ಕೇಳ್ದೆ. ಅವ್ರು ನೆಲ ನೋಡಿದ್ರು."

"ನೋಡ್ಲಿ ಬಿಡು," ಎಂದ ವೊಬ್ಬೆ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ.

"ಏನ್ ಬಿಡೋದು? ಈ ವಯಸ್ಸಲ್ಲಿ ಇವನು ಯಾವಳ ಹಿಂದೆ ಹೋದ ಅಂತ ಊರೆಲ್ಲ ತಲೆ ಕೆಡಿಸ್ಕೊಂಡಿದೆ ಕಣೋ! ಆ ಅಂಚೆಯವಳಂತೆ. ಅವಳು ನಿನ್ನ ಕಂಡ್ರೆ ದಾರಿ ಬದಲಿಸ್ತಾಳೆ."

ವೊಬ್ಬೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಅದು ಮುಖದಲ್ಲಿ ಕಂಡಿತು. ಶೌಕ್ಯೆ ಬೆಣ್ಣೆಯ ಚಾಕುವನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಕತ್ತು ಹಿಡ್ಕೊಂಡಿದೆ ಅಂತ ಒಂದು ಮಾತು ಹೇಳೋಕೆ ಏನು ರೋಗ ನಿಂಗೆ?"

"ಹೇಳಿದ್ರೆ ಮೂಲೆ ಹೋಗುತ್ತೆ."

"ಹೆಂಡ್ತಿ ಹೋದ್ರೂ ಪರವಾಗಿಲ್ಲ, ಮೂಲೆ ಇರ್ಬೇಕು ಅನ್ನು."

ವೊಬ್ಬೆ ಟೋಪಿ ಹಾಕಿಕೊಂಡು ಕೋಳಿಗಳಿಗೆ ಕಾಳು ಹಾಕಲು ಹೋದ.

ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ಮಾರಿತ್ ಮನೆಗೆ ಬಂದಳು. ಆ ವರ್ಷ ಮಕ್ಕಳ ಸೈಕಲ್ ಪರೀಕ್ಷೆಯ ಉಸ್ತುವಾರಿ ವಹಿಸಿಕೊಂಡಿದ್ದ ಎಳೆಯ ತಾಯಿ ಅವಳು. ಒಳ್ಳೆಯದು ಮಾಡುವುದೆಂದರೆ ಊಟ ಬಿಟ್ಟು ಓಡುವವಳು. ಸೋಫಾದ ಎರಡು ತುದಿಯಲ್ಲಿ ಕೂತಿದ್ದ ಮುದುಕ ಮುದುಕಿಯನ್ನು ಕಂಡು ಅವಳ ಕರುಳು ಚುರುಕ್ ಎಂದಿತು.

"ಈ ಸಲ ಒಂದು ಹೊಸ ಯೋಚನೆ," ಎಂದಳು. "ಮಕ್ಕಳಿಗಿಂತ ಮುಂಚೆ ದೊಡ್ಡೋರು ತುಳಿದು ತೋರಿಸ್ಬೇಕು. ಮಕ್ಕಳೇ ಕುರ್ಚೀಲಿ ಕೂತು ಗುರುತು ಹಾಕ್ಲಿ. ಮಜಾ ಇರುತ್ತೆ. ನೀವಿಬ್ರೂ ಮೊದಲು. ಜೋಡಿಯಾಗಿ. ಅಕ್ಕಪಕ್ಕ." ಅಕ್ಕಪಕ್ಕ ಎನ್ನುವಾಗ ಅವಳ ಕಣ್ಣು ತೇವವಾಗಿತ್ತು.

ವೊಬ್ಬೆ ಬಾಯಿ ತೆರೆಯುವ ಮುಂಚೆಯೇ ಶೌಕ್ಯೆ, "ಆಗ್ಲಮ್ಮಾ, ಬರ್ತೀವಿ," ಎಂದುಬಿಟ್ಟಳು.

ಮಾರಿತ್ ಹೊರಟ ಮೇಲೆ ಅವಳು ಕಡ್ಡಿ ಮುರಿದಂತೆ ಹೇಳಿದಳು. "ಪಕ್ಕದಲ್ಲಿ ಬರ್ತೀನಿ. ಬಾಯಿ ಬಿಡಲ್ಲ. ಹಿಂದೆ ನೋಡೋದು ನಿನ್ನ ಪಾಡು."

ಒಂದು ವಾರ ವೊಬ್ಬೆ ಹಜಾರದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಟೋಪಿಯ ಅಂಚನ್ನು ಸ್ವಲ್ಪ ಓರೆ ಮಾಡಿ, ಎಡಭುಜವನ್ನು ಹಿಂದಕ್ಕೆ ಎಳೆದು, ಗಲ್ಲವನ್ನು ಎತ್ತಿದರೆ, ದೂರದಿಂದ ನೋಡುವವರಿಗೆ ತಲೆ ತಿರುಗಿದ ಹಾಗೇ ಕಾಣುತ್ತಿತ್ತು. ಮೋಸ ಎಷ್ಟು ನಯವಾಗಿತ್ತೆಂದರೆ ಅವನೇ ಒಂದೆರಡು ಸಲ ನಂಬಿದ. ಇನ್ನು ಹಿಂದಿನ ಗಾಡಿಯ ಮಾತು, ಅದಕ್ಕೆ ಕಿವಿಯಿದೆ. ಲಾರಿಯ ಸದ್ದು ಕೇಳಿಯೇ ಅದರಲ್ಲಿ ಎಷ್ಟು ಹಾಲಿದೆ ಎಂದು ಹೇಳುತ್ತಿದ್ದ ಮನುಷ್ಯ ಅವನು.

ಆ ಬೆಳಿಗ್ಗೆ ಸೇತುವೆಯ ಮೇಲೆ ಊರೇ ನಿಂತಿತ್ತು. ಮಕ್ಕಳ ಪರೀಕ್ಷೆ ನೋಡಲು ಇಷ್ಟು ಜನ ಎಂದೂ ಸೇರಿರಲಿಲ್ಲ. ಪಾದ್ರಿ ಬಂದಿದ್ದ, ಅಂಚೆಯವಳು ಬಂದಿದ್ದಳು. ದುರ್ಕ್ ಒಲೆ ಆರಿಸಿ ಬಂದಿದ್ದ. ಕಾರ್ಖಾನೆಯ ಮೂಲೆಯಲ್ಲಿ, ವೊಬ್ಬೆಯದೇ ಮಡಿಸುವ ಕುರ್ಚಿಯಲ್ಲಿ, ಎರಡನೇ ಸಲ ಪರೀಕ್ಷೆಗೆ ಬಂದಿದ್ದ ಬೌಕ್ಯೆ ಕಾಲ ಮೇಲೆ ಕಾಲು ಹಾಕಿಕೊಂಡು ಪೆನ್ಸಿಲ್ ಹಿಡಿದು ಕೂತಿದ್ದಳು.

ವೊಬ್ಬೆಯೂ ಶೌಕ್ಯೆಯೂ ಅಕ್ಕಪಕ್ಕ ಹೊರಟರು. ಜನರಿಂದ ಒಂದು ನಿಟ್ಟುಸಿರು ಎದ್ದಿತು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಸೇತುವೆ ಏರುವಾಗ ಎದುರುಗಾಳಿ ಜೋರಾಯಿತು. ಶೌಕ್ಯೆ ಹಳೆಯ ರೂಢಿಯಂತೆ ಅಂಗೈಯನ್ನು ಅವನ ಬೆನ್ನಿಗೆ ಆನಿಸಿದಳು. ಮಾರಿತ್ ಮೂಗು ಒರೆಸಿಕೊಂಡಳು.

"ಹೇಳೇ, ಹಿಂದೆ ಏನಾದ್ರೂ ಇದ್ಯಾ?" ಎಂದು ವೊಬ್ಬೆ ತುಟಿ ಅಲ್ಲಾಡಿಸದೆ ಕೇಳಿದ.

"ಹವಾ ಚೆನ್ನಾಗಿದೆ," ಎಂದಳು ಶೌಕ್ಯೆ.

ಸೇತುವೆ ಇಳಿದದ್ದಾಯಿತು. ಮೂಲೆ ಬಂತು. ವೊಬ್ಬೆ ಟೋಪಿ ಓರೆ ಮಾಡಿದ, ಭುಜ ಎಳೆದ, ಗಲ್ಲ ಎತ್ತಿದ. ಬೌಕ್ಯೆಯ ಪೆನ್ಸಿಲ್ ಕಾಗದದ ಮೇಲೆ ಇಳಿಯುವುದು ಕಂಡಿತು. ನಂಬಿದ್ದಳು. ಕೈಯನ್ನೂ ಚಾಚಿದ. ಇನ್ನು ಹೊರಳಿದರೆ ಆಯಿತು, ಕುರ್ಚಿ ಅವನದೇ.

ಕಿವಿ ಕೊಟ್ಟ. ಗಾಳಿ ಮಾತ್ರ ಕೇಳಿತು. ಆಗ ನೆನಪಾಯಿತು: ಈಗಿನ ಹಾಲಿನ ಲಾರಿಗೆ ಸದ್ದೇ ಇಲ್ಲ. ಕರೆಂಟಿನ ಲಾರಿ. ಬೆಕ್ಕಿನ ಹಾಗೆ ಬರುತ್ತದೆ, ಇದೇ ಹೊತ್ತಿಗೆ ಬರುತ್ತದೆ. ಹಿಂದೆ ಅದು ಇರಬಹುದು, ಇಲ್ಲದಿರಬಹುದು. ಮಂಜಿನಲ್ಲಿ ಶಿಳ್ಳೆ ಹಾಕಿಕೊಂಡು ಹೋದ ಹುಡುಗನಿಗೂ ತನಗೂ ಇದ್ದ ಅಂತರವೆಂದರೆ ಟೋಪಿ ಒಂದೇ. ಪಕ್ಕದಲ್ಲಿ ಶೌಕ್ಯೆ, ಅವನು ಹೊರಳಿದರೆ ತಾನೂ ಹೊರಳುವವಳು, ಬಾಯಿ ಬಿಗಿದು ಬರುತ್ತಿದ್ದಾಳೆ.

ವೊಬ್ಬೆ ಬ್ರೇಕು ಹಿಡಿದು ಇಳಿದ. ಶೌಕ್ಯೆಯೂ ಇಳಿದಳು. ಅವನು ಮರದ ಗೊಂಬೆಯ ಹಾಗೆ ಇಡೀ ಮೈಯನ್ನು ತಿರುಗಿಸಿ ಹಿಂದೆ ನೋಡಿದ. ಏನೂ ಇರಲಿಲ್ಲ. ದಾರಿ ತುದಿಯವರೆಗೂ ತೊಳೆದಿಟ್ಟ ಹಾಗೆ ಖಾಲಿ. ಒಂದು ಬಾತುಕೋಳಿಯಾದರೂ ಇರಬಾರದಿತ್ತೇ ಎಂದು ಅವನಿಗೆ ಅನ್ನಿಸಿತು.

ಸೈಕಲ್ಲನ್ನು ತಳ್ಳಿಕೊಂಡು ದಾಟಿ ಕುರ್ಚಿಯ ಮುಂದೆ ಬಂದು ನಿಂತ.

"ಟೈರಲ್ಲಿ ಗಾಳಿ ಹೋಯ್ತಾ ಪಾಕೆ?" ಎಂದಳು ಬೌಕ್ಯೆ. ನೆಪವನ್ನು ಅವಳೇ ಕೈಗೆ ಕೊಟ್ಟಿದ್ದಳು. ತೆಗೆದುಕೊಂಡರೆ ಸಾಕಿತ್ತು.

"ಗಾಳಿ ಇದೆ ಕಣೇ. ಕತ್ತು ತಿರುಗಲ್ಲ. ಚಳಿಗಾಲದಿಂದ ಹಿಂಗೇ."

"ಮತ್ತೆ ಆಗ ತಿರುಗಿಸಿದ್ದು?"

"ಟೋಪಿ."

ಹುಡುಗಿ ಕಾಗದವನ್ನು ನೋಡಿದಳು, ಅವನನ್ನು ನೋಡಿದಳು. "ಈ ಮೂಲೇಲಿ ಇಳಿದು ತಳ್ಕೊಂಡ್ ದಾಟಿದ್ರೆ ಫೇಲು ಅಂತ ನೀವೇ ಹೇಳ್ಕೊಟ್ಟಿದ್ದು."

"ನಾನೇ. ಬರಿ."

ಬೌಕ್ಯೆ ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು, ಅಕ್ಷರ ದಪ್ಪಗೆ ಬರುವ ಹಾಗೆ ತಿದ್ದಿ ತಿದ್ದಿ ಬರೆದಳು.

ಸುದ್ದಿ ಕುರ್ಚಿಯಿಂದ ಸೇತುವೆಗೆ ಹೋಗುವುದು ತಡವಾಗಲಿಲ್ಲ. ಕತ್ತಂತೆ! ಬರೀ ಕತ್ತಂತೆ! ಊರಿಗೆ ಸಮಾಧಾನವಾಗಬೇಕಿತ್ತು, ಆದದ್ದು ನಿರಾಸೆ. ಎಷ್ಟು ಜನ ಎಷ್ಟು ಸಂಜೆ ಕೂತು ಕಟ್ಟಿದ ಸಂಸಾರದ ಜಗಳ ಒಂದು ಮೂಳೆಯಲ್ಲಿ ಮುಗಿದುಹೋಯಿತು. ಅಂಚೆಯವಳಿಗೂ ಯಾಕೋ ಮುಖ ಬಾಡಿತು. ದುರ್ಕ್ ಮಾತ್ರ ಜನರನ್ನು ಸೀಳಿಕೊಂಡು ಬಂದ.

"ಹಂಗಾದ್ರೆ ನನ್ನ ಸಕ್ಕರೆ ಬ್ರೆಡ್ಡು? ಅಕ್ಕನ ದುಃಖಕ್ಕೆ ಅಂತ ವಾರವಾರ ಕೊಟ್ಟೆನಲ್ಲಯ್ಯಾ, ಅದನ್ನ ಯಾರು ತಿಂದ್ರು?"

"ನಾನೇ ತಿಂದೆ," ಎಂದ ವೊಬ್ಬೆ. "ಅವಳಿಗೆ ಸಿಹಿ ಆಗಿಬರಲ್ಲ. ಚೆನ್ನಾಗಿತ್ತು."

ಶೌಕ್ಯೆ ಸೈಕಲ್ಲಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಾಗೆ ನಗುವುದನ್ನು ಊರು ಬಹಳ ದಿನದಿಂದ ಕಂಡಿರಲಿಲ್ಲ.

ಅಂದು ಮಕ್ಕಳ ಪರೀಕ್ಷೆಗೆ ಆ ಮೂಲೆಯ ಕುರ್ಚಿಯಲ್ಲಿ ಮಾರಿತ್ ತಾನೇ ಕೂರಬೇಕಾಯಿತು. ಇದು ಸುಮ್ಮನೆ ಮಜಾಕ್ಕೆ ಮಾಡಿದ್ದು, ನೀವೇ ಕೂತ್ಕೊಳ್ಳಿ ಎಂದು ಅವಳು ಅಂಗಲಾಚಿದಳು. ವೊಬ್ಬೆ ಒಪ್ಪಲಿಲ್ಲ. ಫೇಲಾದವರು ಮಕ್ಕಳಿಗೆ ಗುರುತು ಹಾಕಬಾರದೆಂದು ಬಹಳ ಹಿಂದೆ ಒಬ್ಬ ಮೇಷ್ಟರನ್ನು ಆ ಮೂಲೆಯಿಂದ ಎಬ್ಬಿಸಲು ಅವನೇ ಮಾಡಿಸಿದ ಕಟ್ಟಳೆ ಅದು. ಅವನಿಗೂ ಮರುಪರೀಕ್ಷೆಯೇ ಆಗಬೇಕು. ಕತ್ತಿನ ಬದಲಿಗೆ ಏನೆಂದು ಶೌಕ್ಯೆ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೆ ಆ ದಾರಿ ಬೇಕರಿಯ ಮೂಲಕವೇ ಹೋಗಬೇಕಿತ್ತು.

ಮೂರು ದಿನ ಬೇಕರಿಯ ಮುಂದೆ ಸುಳಿದಾಡಿ ನಾಲ್ಕನೆಯ ದಿನ ಒಳಗೆ ಹೋದ.

"ಹಿಂದೆ ನೋಡ್ಕೊಂಡ್ ಬಂದ್ಯೇನಯ್ಯಾ?" ಎಂದ ದುರ್ಕ್. ಈ ಸಲ ಅದಕ್ಕೆ ರುಚಿಯೇ ಬೇರೆಯಿತ್ತು.

"ಬೌಕ್ಯೆ ಕನ್ನಡಿ ಇದ್ಯಲ್ಲ," ಎಂದ ವೊಬ್ಬೆ, ಗಾಜಿನೊಳಗಿನ ಬನ್ನುಗಳಿಗೆ ಹೇಳುವವನ ಹಾಗೆ. "ಅದು ಆಗುತ್ತೆ ಅಂತ ಮಾರಿತ್‌ಗೆ ಹೇಳಿದ್ದೀನಿ. ಹೋದ ವರ್ಷದ್ದು ನನ್ನ ತಪ್ಪು. ಮಗು ನೋಡಿಯೇ ಹೊರಳಿತ್ತು."

ದುರ್ಕ್ ಈ ಮಾತಿಗಾಗಿ ಒಂದು ವರ್ಷದಿಂದ ಉತ್ತರ ಕಟ್ಟಿಟ್ಟುಕೊಂಡಿದ್ದ. ಅದನ್ನೆಲ್ಲ ಅಲ್ಲೇ ಬಿಟ್ಟು ಒಳಗೆ ಹೋಗಿ ಗಲ್ಲಾಪೆಟ್ಟಿಗೆಯಿಂದ ಆ ಕನ್ನಡಿಯನ್ನೇ ತಂದು, ಹೊರಗೆ ಬಂದು, ಹಿಟ್ಟಿನ ಕೈಯಲ್ಲೇ ವೊಬ್ಬೆಯ ಸೈಕಲ್ಲಿನ ಎಡಹಿಡಿಗೆ ತಿರುಪು ಬಿಗಿದ.

"ನೋಡು, ಕಾಣುತ್ತಾ?"

ವೊಬ್ಬೆ ಬಗ್ಗಿದ. ತನ್ನ ಕೆಂಪು ಕಿವಿ ಕಂಡಿತು. ಅದರಾಚೆ ಬೇಕರಿ, ಅದರಾಚೆ ಬೀದಿ, ಚಳಿಗಾಲದಿಂದ ಕಾಣದಿದ್ದ ಹಿಂದಿನ ಊರಷ್ಟೂ ಕಂಡಿತು. "ಊಂ," ಎಂದ.

ಮಾರಿತ್ ಆ ವರ್ಷ ಹೊಸದಾಗಿ ಇಟ್ಟ ಮೇ ತಿಂಗಳ ಮರುಪರೀಕ್ಷೆಗೆ ಮೂರು ಮಕ್ಕಳು, ಒಬ್ಬ ಮುದುಕ. ಎಲ್ಲರ ಎದೆಗೂ ನಂಬರು. ಬೌಕ್ಯೆ ಏಪ್ರಿಲ್ಲಿನಲ್ಲೇ ಪಾಸಾಗಿದ್ದರಿಂದ ನೋಡಲು ಬಂದಿದ್ದಳು. ಮೂಲೆಯ ಕುರ್ಚಿಗೆ ಆ ದಿನ ಯಾರೂ ಸಿಕ್ಕದೆ ಮಾರಿತ್ ಹಿಡಿದು ತಂದದ್ದು ಬೌಕ್ಯೆಯ ಅಪ್ಪನನ್ನು. ಹಾಗೆಂದು ಮಾರಿತ್ ಹೇಳಿದಳು. ದುರ್ಕ್ ತಾನೇ ಕೇಳಿಕೊಂಡು ಬಂದನೆಂದು ಊರು ಹೇಳಿತು. ಹಿಂದೆ ಫೇಲಾಗಿ ಆಮೇಲೆ ಪಾಸಾದವನಾದ್ದರಿಂದ ಕಟ್ಟಳೆಗೆ ಏನೂ ಅಡ್ಡಿಯಿರಲಿಲ್ಲ. ಕುರ್ಚಿ ಅವನ ಭಾರಕ್ಕೆ ಕಿರುಗುಟ್ಟಿತು.

ವೊಬ್ಬೆ ಸೇತುವೆ ಇಳಿದು ಬಂದ. ಕನ್ನಡಿ ನೋಡಿದ. ಕೈ ಚಾಚಿದ. ಅಷ್ಟರಲ್ಲಿ ಗಾಳಿ ಟೋಪಿಗೆ ಕೈ ಹಾಕಿತು. ಅವನು ಟೋಪಿ ಒತ್ತಿಕೊಂಡು ಹೊರಳಿಬಿಟ್ಟ. ದಾರಿ ಖಾಲಿಯಿತ್ತು. ಕುರ್ಚಿಯ ಮುಂದೆ ಬಂದು ಕಾಲೂರಿದ.

"ಫೇಲು ಬರಿ," ಎಂದ. "ಎರಡನೇ ಸಲ ನೋಡ್ಲಿಲ್ಲ."

ದುರ್ಕ್ ಪೆನ್ಸಿಲ್ಲಿನ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಹನ್ನೊಂದರ ವಯಸ್ಸಿನಿಂದ ಕಾದಿದ್ದ ಗಳಿಗೆ. ಒಂದು ಸಲ ಮಗಳ ಕಡೆ ನೋಡಿದ, ಒಂದು ಸಲ ಮುದುಕನ ಸೆಟೆದ ಕತ್ತಿನ ಕಡೆ ನೋಡಿದ. ಆಮೇಲೆ ಮುಖದ ತುಂಬ ನಗು ಹರಡಿತು.

"ಪಾಸು," ಎಂದ.

"ಏ, ಹಂಗೆಲ್ಲ ಬರೀಬಾರ್ದು ಕಣೋ. ನೋಡ್ಲಿಲ್ಲ ಅಂತ ನಾನೇ ಹೇಳ್ತಿದ್ದೀನಿ!"

"ಹೇಳ್ಕೋ. ಕುರ್ಚೀಲಿ ಕೂತಿರೋನು ನಾನು. ಪಾಸು. ಮುಂದಿನ ಏಪ್ರಿಲ್ಲಿಗೆ ಇಲ್ಲೇ ಕೂತ್ಕೋ. ಊರಿನ ಮಕ್ಕಳನ್ನೆಲ್ಲ ಫೇಲ್ ಮಾಡು, ಬೇಡ ಅನ್ನಲ್ಲ. ಒಂದೊಂದು ಸಲ ಫೇಲ್ ಅಂತ ಬರೀವಾಗ್ಲೂ ಜ್ಞಾಪಕ ಇರ್ಲಿ ವೊಬ್ಬೆ, ನೀನು ದುರ್ಕ್‌ನ ದಯದಿಂದ ಪಾಸಾದೋನು."

ವೊಬ್ಬೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಲಾರಿ ಓಡಿಸಿದ ಅಷ್ಟು ವರ್ಷದಲ್ಲಿ ಯಾರ ಕೈಯಲ್ಲೂ ಹೀಗೆ ಸಿಕ್ಕಿಬಿದ್ದಿರಲಿಲ್ಲ. ಶೌಕ್ಯೆ ತನ್ನ ಸೈಕಲ್ಲನ್ನು ತಂದು ಅವನ ಪಕ್ಕಕ್ಕೆ ನಿಲ್ಲಿಸಿ, "ನಡಿ, ಕಾಫಿ ಆರುತ್ತೆ," ಎಂದಳು. ಇಬ್ಬರೂ ಜೋಡಿಯಾಗಿ ಹೊರಟರು.

ಸ್ವಲ್ಪ ದೂರ ಹೋದ ಮೇಲೆ ವೊಬ್ಬೆ ಕನ್ನಡಿಯಲ್ಲಿ ನೋಡಿದ. ದುರ್ಕ್ ಇನ್ನೂ ಕುರ್ಚಿಯಲ್ಲೇ ಕೂತು ಕೈ ಬೀಸುತ್ತಿದ್ದ. ವೊಬ್ಬೆ ಇನ್ನೊಂದು ಸಲ ನೋಡಿದ. ಎರಡು ಸಲ ನೋಡಬೇಕೆಂಬುದು ಅವನದೇ ಕಟ್ಟಳೆ.